ಮೊದಲು ಹೋಗಬೇಕಾದದ್ದು

ಮೆಜೆಸ್ಟಿಕ್ಕಿನ ಹಿಂದೆ, ಕಾಟನ್‌ಪೇಟೆ ಕಡೆಗೆ ಹೋಗುವ ಓಣಿಯೊಂದರಲ್ಲಿ ಅಪ್ಪನ ಮಿಕ್ಸಿ ರಿಪೇರಿ ಅಂಗಡಿ ಇದೆ. ಅಂಗಡಿ ಅನ್ನುವುದು ಅಪ್ಪನ ಮೇಲಿನ ಗೌರವಕ್ಕೆ. ಒಳಗೆ ಇಬ್ಬರು ಕೂತರೆ ಮೂರನೆಯವರು ಮೆಟ್ಟಿಲ ಮೇಲೇ ನಿಲ್ಲಬೇಕು. ಊರುಗಳಿಂದ ಬೆಳಗಿನ ಬಸ್ಸಿಗೆ ಬಂದವರು ವೈರ್ ಬ್ಯಾಗಿನಲ್ಲಿ ಮಿಕ್ಸಿ ತಂದುಕೊಟ್ಟು, ಆಸ್ಪತ್ರೆಯೋ ಕೋರ್ಟೋ ಮುಗಿಸಿಕೊಂಡು, ಸಂಜೆ ಬಸ್ಸು ಹತ್ತುವ ಮೊದಲು ತೆಗೆದುಕೊಂಡು ಹೋಗುತ್ತಾರೆ. ಕಳೆದ ಡಿಸೆಂಬರಿನಲ್ಲಿ ಆ ಅಂಗಡಿಯ ಸ್ಟೂಲುಗಳ ಮೇಲೆ ಕೂತು ನಾನೂ ನನ್ನ ತಮ್ಮನೂ ಜಗಳವಾಡಿದೆವು. ವಿಷಯ ಒಂದು ಕಂಪ್ಯೂಟರ್. ಅದೂ ಗೇಮ್ ಆಡುವ ಕಂಪ್ಯೂಟರ್.

ತಮ್ಮನಿಗೆ 24. ಡಿಪ್ಲೊಮಾ ಮುಗಿಸಿ ಪೀಣ್ಯದ ಗೋದಾಮೊಂದರಲ್ಲಿ ಸ್ಟಾಕ್ ನೋಡಿಕೊಳ್ಳುತ್ತಾನೆ. ಎರಡೂವರೆ ವರ್ಷದಲ್ಲಿ ಒಂದು ಲಕ್ಷ ರೂಪಾಯಿ ಕೂಡಿಟ್ಟಿದ್ದ. "ಅಕ್ಕಾ, ನೀನು ಓದೋಳು, ಒಂದು ಒಳ್ಳೇ ಲಿಸ್ಟ್ ಮಾಡಿಕೊಡು" ಅಂದ. ನಾನು ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ಮೂರನೇ ಅಧ್ಯಾಯ ಬರೆಯುವುದನ್ನು ತಪ್ಪಿಸಿಕೊಳ್ಳಲು ಇದಕ್ಕಿಂತ ಗೌರವದ ದಾರಿ ಸಿಗುವುದಿಲ್ಲ ಅನ್ನಿಸಿ ಕೂಡಲೇ ಒಪ್ಪಿಕೊಂಡೆ. ಹತ್ತು ವರ್ಷ ಬಾಳುವ ಯಂತ್ರ ಕಟ್ಟೋಣ ಎಂದು ಹಟ ಹಿಡಿದೆ. ಆ "ಹತ್ತು ವರ್ಷ" ಅವನ ಮಾತಾಗಿರಲಿಲ್ಲ, ನನ್ನದು. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಒಂದು ಭಾನುವಾರ ಇಬ್ಬರೂ ಕೆಂಪೇಗೌಡ ರಸ್ತೆಯಲ್ಲಿ ನಡೆದು, ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಅವೆನ್ಯೂ ರಸ್ತೆಗಿಳಿದು, ಪೇಟೆಯ ಓಣಿಗಳನ್ನು ದಾಟಿ ಎಸ್.ಪಿ. ರಸ್ತೆಗೆ ಹೋದೆವು. ಸಾದರ್ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಅಲ್ಲಿ ಅಂಗಡಿ ಇಟ್ಟವರೂ ಹೇಳುವುದು ಕಡಿಮೆ. ಒಂದು ಗೂಡಿನಲ್ಲಿ ಬರೀ ಕೇಬಲ್, ಇನ್ನೊಂದರಲ್ಲಿ ಬರೀ ಲ್ಯಾಪ್‌ಟಾಪ್ ಚಾರ್ಜರ್, ಮಹಡಿ ಮೆಟ್ಟಿಲ ಕೆಳಗೆ ಹಳೆಯ ಮದರ್‌ಬೋರ್ಡುಗಳನ್ನು ಹಪ್ಪಳದಂತೆ ಒಂದರ ಮೇಲೊಂದು ಜೋಡಿಸಿಟ್ಟವನೊಬ್ಬ. ನಾವು ಹತ್ತಿದ ಪ್ರತಿ ಅಂಗಡಿಯಲ್ಲೂ ಒಂದು ಮಾತು ಕೇಳಿಬಂತು: "ಇದು ತಗೊಳ್ಳಿ ಮೇಡಂ, ಫ್ಯೂಚರ್ ಪ್ರೂಫ್." ಮಳೆಗೆ ವಾಟರ್ ಪ್ರೂಫ್ ಇದ್ದ ಹಾಗೆ ನಾಳೆಗೂ ಒಂದು ಪ್ರೂಫ್. ಮಳೆಯಂತೆ ನಾಳೆಯೂ ಹೊರಗಿನಿಂದ ಬಂದು ನಮ್ಮನ್ನು ತೋಯಿಸಿಬಿಡುವ ಸಂಗತಿ ಎಂಬಂತೆ.

ಕನ್ನಡದಲ್ಲಿ ನಾವು ಹೀಗೆ ಹೇಳುವುದಿಲ್ಲ. ನಮ್ಮಲ್ಲಿ ಎರಡು ಪದಗಳಿವೆ. ತಾಳಿಕೆ, ಬಾಳಿಕೆ. ಮಾತಿನಲ್ಲಿ ಎರಡನ್ನೂ ಒಂದರ ಜಾಗದಲ್ಲಿ ಒಂದನ್ನು ಬಳಸುತ್ತೇವೆ, ಆದರೆ ಒಳಗಿರುವ ಕ್ರಿಯಾಪದಗಳು ಬೇರೆ. ತಾಳುವುದೆಂದರೆ ಹೊರಗಿನ ಪೆಟ್ಟನ್ನು ಸಹಿಸುವುದು. ಬಾಳುವುದೆಂದರೆ ಬದುಕುವುದು. ಬಂಡೆ ತಾಳುತ್ತದೆ, ಮನುಷ್ಯರು ಬಾಳುತ್ತಾರೆ. ವಸ್ತುವಿನ ಬಗ್ಗೆ ಹೇಳುವಾಗಲೂ "ಬಾಳಿಕೆ ಬರುತ್ತದೆ" ಅನ್ನುವ ಭಾಷೆ, ಸೀರೆಗೂ ಚಪ್ಪಲಿಗೂ ಒಂದು ಜೀವಿತವನ್ನು ಕೊಟ್ಟುಬಿಟ್ಟಿದೆ. ಜೀವಿತ ಇದ್ದಮೇಲೆ ಅದಕ್ಕೆ ವಯಸ್ಸಾಗುವುದು, ಕಾಯಿಲೆ ಬೀಳುವುದು, ಇನ್ನೊಬ್ಬರ ಆರೈಕೆ ಬೇಕಾಗುವುದು ಎಲ್ಲವೂ ಇದೆ. ನಾನು ಮಾಡಿದ ಪಟ್ಟಿ ಪೂರ್ತಿ ತಾಳಿಕೆಯ ಪಟ್ಟಿಯಾಗಿತ್ತು.

ಪಟ್ಟಿಯಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಸಾಕೆಟ್ಟಿನ ಬಗ್ಗೆ. ಪ್ರೊಸೆಸರು ಮದರ್‌ಬೋರ್ಡಿನ ಮೇಲೆ ಕೂರುವ ಚೌಕದ ಪೀಠವೇ ಸಾಕೆಟ್. ಪೀಠ ಬದಲಾದರೆ ಹೊಸ ಪ್ರೊಸೆಸರ್ ಹಳೆಯ ಬೋರ್ಡಿನಲ್ಲಿ ಕೂರುವುದಿಲ್ಲ, ಬೋರ್ಡನ್ನೂ ಬದಲಾಯಿಸಬೇಕು. ಎಎಮ್‌ಡಿ ಕಂಪನಿಯ ಎಎಮ್4 ಸಾಕೆಟ್ಟಿನಲ್ಲಿ 2017ರಲ್ಲಿ ಮೊದಲ ರೈಜನ್ ಕೂತಿತು. 2022ರಲ್ಲಿ ಬಂದ 5800ಎಕ್ಸ್3ಡಿ ಕೂಡ ಅದೇ ಪೀಠದ ಮೇಲೆ ಕೂತಿತು. ಮೊದಲು ಸಾಧಾರಣ ಪ್ರೊಸೆಸರ್ ಕೊಂಡವರು ಐದು ವರ್ಷದ ನಂತರ ಬರೀ ಅದೊಂದನ್ನು ಬದಲಿಸಿ ಬೇರೆಯೇ ಯಂತ್ರವನ್ನು ಪಡೆದರು (ಬೋರ್ಡಿನ ಬಯಾಸ್ ಅಪ್‌ಡೇಟ್ ಸಿಕ್ಕಿದ್ದರೆ, ಅಷ್ಟೆ). 2022ರಲ್ಲಿ ಬಂದ ಎಎಮ್5ಗೆ 2027ರವರೆಗಾದರೂ ಬೆಂಬಲ ಇರುತ್ತದೆಂದು ಕಂಪನಿ ಹೇಳಿದೆ. ಹೇಳಿದೆ ಅನ್ನುವುದೇ ಇಲ್ಲಿ ಮುಖ್ಯ. ಪೀಠದ ಬಾಳಿಕೆ ಅದರ ಲೋಹದಲ್ಲಿಲ್ಲ, ಒಂದು ಮಾತಿನಲ್ಲಿದೆ. ಆಡಿದ ಮಾತಿಗೆ ಯಾರಾದರೂ ನಿಂತರೆ ಅದು ಬಾಳುತ್ತದೆ.

ಇದನ್ನು ನೋಡಿದಮೇಲೆ ಎಲ್ಲ ಕಡೆಯೂ ಇದೇ ಕಾಣತೊಡಗಿತು. ಕಂಪ್ಯೂಟರಿನ ಕ್ಯಾಬಿನೆಟ್ಟಿನಲ್ಲಿ ಬೋರ್ಡು ಕೂರಿಸುವ ಸ್ಕ್ರೂ ತೂತುಗಳ ಜಾಗವನ್ನು ನಿಗದಿ ಮಾಡುವ ಎಟಿಎಕ್ಸ್ ಮಾನಕ 1995ರದ್ದು. ನಾನು ಹುಟ್ಟುವ ಮೊದಲು ಯಾರೋ ಒಪ್ಪಿಕೊಂಡ ತೂತುಗಳಿಗೆ ನಮ್ಮ ಈಗಿನ ಬೋರ್ಡು ಸರಿಯಾಗಿ ಕೂರುತ್ತದೆ. ತದ್ವಿರುದ್ಧದ ಉದಾಹರಣೆಯೂ ಇದೆ. 2017ರ ಜಿಟಿಎಕ್ಸ್ 1080 ಟಿಐ ಎಂಬ ಗ್ರಾಫಿಕ್ಸ್ ಕಾರ್ಡು ಇವತ್ತಿಗೂ ಬಹಳ ಜನರ ಬಳಿ ಗಟ್ಟಿಯಾಗಿ ಓಡುತ್ತಿದೆ. 11 ಜಿಬಿ ಮೆಮೊರಿ, ಒಂದು ಟ್ರಾನ್ಸಿಸ್ಟರೂ ಸವೆದಿಲ್ಲ. ಆದರೆ 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮು ರೇ ಟ್ರೇಸಿಂಗ್ ಯಂತ್ರಾಂಶ ಇಲ್ಲದ ಕಾರ್ಡಿಗೆ ಬಾಗಿಲೇ ತೆರೆಯುವುದಿಲ್ಲ. ವಿಂಡೋಸ್ 10ರ ಕತೆಯೂ ಇದೇ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದ, ಆದರೆ ಆರೋಗ್ಯವಾಗಿರುವ ಯಂತ್ರಗಳೆಲ್ಲ ಒಂದೇ ದಿನಕ್ಕೆ ಮುದುಕರಾದವು. ಲಿನಕ್ಸ್ ಹಾಕಿಕೊಳ್ಳಬಹುದಲ್ಲ ಅನ್ನುತ್ತೀರಿ. ಹಾಕಿಕೊಳ್ಳಬಹುದು, ನಾನು ಹಾಕಿಕೊಂಡಿದ್ದೇನೆ. ತಮ್ಮ ಆಡುವ ಒಂದೆರಡು ಆನ್‌ಲೈನ್ ಗೇಮುಗಳು ಅದರಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಗೇಮುಗಳೇ ಬಾಳುತ್ತವೆಯೇ? 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ದಿನ ತಮ್ಮ ಊಟ ಬಿಟ್ಟಿದ್ದ. ಮರುವರ್ಷ ಅದು ಬಿಜಿಎಮ್‌ಐ ಎಂಬ ಹೆಸರಿನಲ್ಲಿ ವಾಪಸು ಬಂತು. ವಾಪಸು ಬಾರದವೂ ಇವೆ. ಯುಬಿಸಾಫ್ಟ್ ಕಂಪನಿ ದ ಕ್ರೂ ಎಂಬ ಗೇಮಿನ ಸರ್ವರ್‌ಗಳನ್ನು 2024ರ ಮಾರ್ಚ್ ಕೊನೆಗೆ ಮುಚ್ಚಿದಾಗ, ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ತೆರೆಯದ ಡಬ್ಬಿ. ಹತ್ತು ವರ್ಷ ಓಡುವ ಯಂತ್ರ ಕಟ್ಟಿ ಅದರೊಳಗೆ ಎರಡು ವರ್ಷದ ಆಟ ಇಡುವುದು, ತೇಗದ ಬೀರು ಮಾಡಿಸಿ ಪೇಪರ್ ಬಟ್ಟೆ ಜೋಡಿಸಿದ ಹಾಗೆ.

ಇನ್ನು ಮೆಜೆಸ್ಟಿಕ್. ಈ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸು ಈಗಿಲ್ಲ. ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಬತ್ತಿ ಎಷ್ಟೋ ಕಾಲವಾಯಿತು, ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಮಾತ್ರ ಇಲ್ಲದ ಕೆರೆಯ ಏರಿಯಾಗಿ ಉಳಿದಿದೆ. ಕಪಾಲಿ ಚಿತ್ರಮಂದಿರ ಕೆಡವಿದರು. ನೆಲದಡಿಗೆ ಮೆಟ್ರೋ ಬಂತು, ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟರು. ಆದರೂ ಬಸ್ಸಿನ ಕಂಡಕ್ಟರು ಕೂಗುವುದು "ಮೆಜೆಸ್ಟಿಕ್, ಮೆಜೆಸ್ಟಿಕ್" ಎಂದೇ. ಒಂದೊಂದೇ ಹಲಗೆ ಬದಲಾದ ಥೀಸಿಯಸ್‌ನ ಹಡಗು ಅದೇ ಹಡಗೋ ಅಲ್ಲವೋ ಎಂದು ಪ್ಲುಟಾರ್ಕನ ಕಾಲದಿಂದ ತತ್ತ್ವಶಾಸ್ತ್ರದವರು ಕೇಳುತ್ತಿದ್ದಾರೆ. ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ರಥವನ್ನು ತೋರಿಸಿ, ಗಾಲಿ ರಥವೇ, ಅಚ್ಚು ರಥವೇ ಎಂದು ಕೇಳಿದ್ದೂ ಇದನ್ನೇ ಸುತ್ತಿಕೊಂಡ ಪ್ರಶ್ನೆ. ಕ್ಲಾಸಿನಲ್ಲಿ ನಾನು ಇದನ್ನು ಪಾಠ ಮಾಡಿದ್ದೇನೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಅವರಿಗೆ ಬೇಕಾದ್ದು ಇಳಿದು ಇನ್ನೊಂದಕ್ಕೆ ಹತ್ತುವ ಜಾಗ. ಅದು ಉಳಿದಿದೆ, ಆದ್ದರಿಂದ ಮೆಜೆಸ್ಟಿಕ್ ಉಳಿದಿದೆ.

ಇಷ್ಟೆಲ್ಲ ಅರ್ಥವಾದರೂ ನನ್ನ ಪಟ್ಟಿ ಬದಲಾಗಿರಲಿಲ್ಲ. ಅದನ್ನು ಬದಲಿಸಿದ್ದು ಅಪ್ಪ.

ಅವತ್ತು ತಮ್ಮ ಗಾಜಿನ ಕ್ಯಾಬಿನೆಟ್ಟು, ಬಣ್ಣದ ದೀಪದ ಫ್ಯಾನು, ನೀರಿನ ಕೂಲರ್ ಬೇಕೆಂದು ಕೂತಿದ್ದ. ನಾನು ಬೇಡವೆಂದು ಕೂತಿದ್ದೆ. ಅಪ್ಪ ಒಂದು ಮಿಕ್ಸಿ ಬೋರಲು ಹಾಕಿ ಕೆಲಸ ಮಾಡುತ್ತ, ತಲೆ ಎತ್ತದೆ ಕೇಳಿದರು, "ಇದ್ರಲ್ಲಿ ಕಪ್ಲರ್ ಯಾವುದಮ್ಮ?"

ಮಿಕ್ಸಿಯ ಮೋಟರಿಗೂ ಜಾರಿಗೂ ನಡುವೆ ಹಲ್ಲು ಹಲ್ಲಾಗಿರುವ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಬಿಲ್ಲೆ ಇರುತ್ತದಲ್ಲ, ಅದೇ ಕಪ್ಲರ್. ಯಾರೋ ಒಣ ಅರಿಶಿನದ ಕೊನೆಯನ್ನು ಹಾಗೇ ಹಾಕಿ ತಿರುಗಿಸುತ್ತಾರೆ, ಬ್ಲೇಡು ಸಿಕ್ಕಿಹಾಕಿಕೊಳ್ಳುತ್ತದೆ, ಮೋಟರು ತಿರುಗಲು ನೋಡುತ್ತದೆ. ಆಗ ಕಪ್ಲರಿನ ಹಲ್ಲು ಹರಿದುಹೋಗುತ್ತದೆ. ನಲವತ್ತೋ ಐವತ್ತೋ ರೂಪಾಯಿಯ ಬಿಲ್ಲೆ ಹೋಗಿ ಮೋಟರು ಉಳಿಯುತ್ತದೆ. ಹರಿಯದೇ ಇರುವ ಗಟ್ಟಿ ಕಪ್ಲರ್ ಹಾಕಿಕೊಡಿ ಎಂದು ಕೇಳುವ ಗಿರಾಕಿಗಳು ಅಪ್ಪನಿಗೆ ತಿಂಗಳಿಗೆ ನಾಲ್ಕು ಜನ ಸಿಗುತ್ತಾರೆ. ಅಪ್ಪ ಹಾಕುವುದಿಲ್ಲ. "ಅದು ಹರೀಲಿಲ್ಲ ಅಂದ್ರೆ ವೈಂಡಿಂಗ್ ಸುಟ್ಟೋಗುತ್ತೆ. ಎಲ್ಲಾನೂ ಗಟ್ಟಿ ಮಾಡಕ್ಕಾಗಲ್ಲ. ಮೊದ್ಲು ಯಾವ್ದು ಹೋಗ್ಬೇಕು ಅಂತ ನೋಡ್ಕೊಂಡು ತಗೊಳ್ಳಿ."

ಆ ರಾತ್ರಿ ಪಟ್ಟಿಯನ್ನು ಮತ್ತೆ ಮೊದಲಿಂದ ಬರೆದೆ. ಈಗ ಪ್ರತಿ ಭಾಗಕ್ಕೂ ಕೇಳಬೇಕಾದ ಪ್ರಶ್ನೆ ಎಷ್ಟು ದಿನ ಬರುತ್ತದೆ ಎಂಬುದಲ್ಲ, ಹೋಗುವಾಗ ಯಾರನ್ನು ಜೊತೆಗೆ ಕರೆದೊಯ್ಯುತ್ತದೆ ಎಂಬುದು. ಹಾಗೆ ಕೇಳಿದರೆ ಪವರ್ ಸಪ್ಲೈ ಮೇಲೆ ಬಂತು. ಎಲ್ಲರೂ ದುಡ್ಡು ಉಳಿಸುವುದು ಅದರಲ್ಲೇ, ಅದು ಕೆಟ್ಟ ರೀತಿಯಲ್ಲಿ ಹೋದರೆ ಬೋರ್ಡು, ಕಾರ್ಡು, ಡಿಸ್ಕು ಎಲ್ಲವನ್ನೂ ಎಳೆದುಕೊಂಡು ಹೋಗಬಹುದು. ಡಬ್ಬಿಯ ಮೇಲಿನ 80 ಪ್ಲಸ್ ಗೋಲ್ಡ್ ಎಂಬ ಮೊಹರು ಕರೆಂಟು ಎಷ್ಟು ಪೋಲಾಗದೆ ಬಳಕೆಯಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನಲ್ಲ. ಬಾಳಿಕೆ ಇರುವುದು ಒಳಗಿನ ಕೆಪಾಸಿಟರುಗಳಲ್ಲಿ. ಅವುಗಳೊಳಗಿನ ದ್ರವ ಬಿಸಿಗೆ ನಿಧಾನವಾಗಿ ಒಣಗುತ್ತದೆ, ಹತ್ತು ಡಿಗ್ರಿ ತಂಪಾಗಿಟ್ಟರೆ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಕೈಲೆಕ್ಕ. 2000ದ ದಶಕದ ಆರಂಭದಲ್ಲಿ ಕೆಟ್ಟ ದ್ರವ ತುಂಬಿದ ಕೆಪಾಸಿಟರುಗಳು ಜಗತ್ತಿನ ತುಂಬ ಉಬ್ಬಿ ಒಡೆದದ್ದು ಅಪ್ಪನಿಗೂ ನೆನಪಿದೆ, ಆಗ ಅವರ ಹತ್ತಿರ ಮಾನಿಟರುಗಳೂ ರಿಪೇರಿಗೆ ಬರುತ್ತಿದ್ದವು. ಹತ್ತು ವರ್ಷ ವಾರಂಟಿ ಇರುವ 750 ವಾಟಿನದನ್ನು ಬರೆದುಕೊಂಡೆ. ಇದರಲ್ಲಿ ಮಾತ್ರ ಚೌಕಾಸಿ ಇಲ್ಲ.

ನೀರಿನ ಕೂಲರ್ ಬಿತ್ತು. ಅದರ ಪಂಪು ಒಂದು ದಿನ ನಿಲ್ಲುತ್ತದೆ, ದ್ರವ ಕೊಳವೆಯ ಮೂಲಕವೇ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ, ಹೆಚ್ಚಿನವುಗಳನ್ನು ಬಿಚ್ಚಿ ತುಂಬಲಾಗದು. ಗಾಳಿಯ ಕೂಲರಿನಲ್ಲಿ ಇರುವುದು ತಾಮ್ರ, ಅಲ್ಯುಮಿನಿಯಂ, ಒಂದು ಫ್ಯಾನು. ಸಾಯುವುದು ಫ್ಯಾನು ಮಾತ್ರ, ಅದು ಎಸ್.ಪಿ. ರಸ್ತೆಯ ಯಾವ ಗೂಡಿನಲ್ಲೂ ಸಿಗುತ್ತದೆ. ಫ್ಯಾನೇ ನಮ್ಮ ಕಪ್ಲರ್. ಗ್ರಾಫಿಕ್ಸ್ ಕಾರ್ಡು ಬೇರೆ ಜಾತಿ. ಅದು ಸಾಯುವ ಮೊದಲೇ ಕಾಲ ಅದನ್ನು ಹಿಂದೆ ಬಿಟ್ಟು ಹೋಗುತ್ತದೆ. 8 ಜಿಬಿಯ ಬದಲು 16 ಜಿಬಿ ಮೆಮೊರಿಯದನ್ನು ತೆಗೆದುಕೊಂಡರೆ ಸ್ವಲ್ಪ ಕಾಲ ಜೊತೆಗೆ ಓಡುತ್ತದೆ, ಅಷ್ಟೆ.

ಕಷ್ಟವಾದದ್ದು ರ‍್ಯಾಮು. ಎ.ಐ. ಡೇಟಾ ಸೆಂಟರುಗಳ ಹಸಿವಿಗೆ ಮೆಮೊರಿ ಚಿಪ್ಪುಗಳೆಲ್ಲ ಹೋಗತೊಡಗಿ, ಕೆಲವೇ ತಿಂಗಳಲ್ಲಿ ಡಿಡಿಆರ್5 ಬೆಲೆ ದುಪ್ಪಟ್ಟನ್ನೂ ದಾಟಿತ್ತು. ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುತ್ತೇನೆಂದು ಆ ಡಿಸೆಂಬರಿನಲ್ಲೇ ಹೇಳಿತು. "ಇನ್ನೊಂದು ವರ್ಷ ಕಾಯೋಣ, ಬೆಲೆ ಇಳಿಯುತ್ತೆ" ಎಂದೆ ನಾನು. ನಿಜವಾದ ಜಗಳ ಆಗ ಶುರುವಾಯಿತು.

"ಹತ್ತು ವರ್ಷ ಅಂತ ಯಾರು ಕೇಳಿದ್ರು ಅಕ್ಕಾ ನಿನ್ನ? ನಾನು ಒಳ್ಳೇದು ಅಂದೆ ಅಷ್ಟೆ. ನಾವು ನಾಲ್ಕು ಜನ ಆಡೋರು. ಒಬ್ಬ ಮಾರ್ಚಲ್ಲಿ ದುಬೈಗೆ ಹೋಗ್ತಾನೆ, ಇನ್ನೊಬ್ಬಂಗೆ ಮದುವೆ ಗೊತ್ತಾಗಿದೆ. ಒಂದು ವರ್ಷ ಬಿಟ್ಟು ಯಾರ ಜೊತೆ ಆಡ್ಲಿ?" ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, "ನೀನೂ ಇನ್ನೊಂದು ವರ್ಷ ಇನ್ನೊಂದು ವರ್ಷ ಅಂತಾನೇ ಇದೀಯಲ್ಲ" ಅಂದ.

ಅಪ್ಪನ ಸ್ಕ್ರೂಡ್ರೈವರ್ ಒಂದು ಗಳಿಗೆ ನಿಂತಿತು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜೆಆರ್‌ಎಫ್ ಎರಡು ವರ್ಷ, ಎಸ್‌ಆರ್‌ಎಫ್ ಮೂರು ವರ್ಷ, ಒಟ್ಟು ಐದು ವರ್ಷಕ್ಕೆ ಫೆಲೋಶಿಪ್ ಮುಗಿಯುತ್ತದೆ. ನನ್ನದು ಮುಗಿದಿದೆ, ಪ್ರಬಂಧ ಮುಗಿದಿಲ್ಲ. ಚಾಮರಾಜಪೇಟೆಯ ನಮ್ಮ ಮನೆ ಬಾಡಿಗೆಯ ಅರ್ಧ ಹೋಗುತ್ತಿರುವುದು ಪೀಣ್ಯದ ಗೋದಾಮಿನ ಸಂಬಳದಿಂದ. ಎಂಜಿನಿಯರಿಂಗಿಗೆ ಲ್ಯಾಟರಲ್ ಎಂಟ್ರಿ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದವನು ಅದನ್ನು ಹೇಳುವುದನ್ನು ಯಾವಾಗ ನಿಲ್ಲಿಸಿದ ಎಂದು ನನಗೆ ನೆನಪಿಲ್ಲ. ಮನೆಯಲ್ಲಿ ಯಾರು ಮೊದಲು ಹರಿಯಬೇಕೆಂದು ಯಾರೂ ಕೂತು ತೀರ್ಮಾನಿಸುವುದಿಲ್ಲ. ಭಾರ ಬಿದ್ದಾಗ ಒಬ್ಬರು ಹರಿದಿರುತ್ತಾರೆ, ಉಳಿದವರು ತಿರುಗುತ್ತಲೇ ಇರುತ್ತಾರೆ.

ಅಪ್ಪನ ಸೂತ್ರ ಇಲ್ಲಿ ಕೈಕೊಡುತ್ತದೆ. ಯಂತ್ರದೊಳಗೆ ಅದು ಸರಿ. ಕಪ್ಲರಿಗೆ ತನ್ನದೇ ಆದ ನಾಳೆಯಿಲ್ಲ, ಅದು ಇರುವುದೇ ಮೋಟರಿಗಾಗಿ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು ಎಂಬ ಕಾಂಟ್‌ನ ಮಾತನ್ನು ನಾನು ಎಷ್ಟು ಸಲ ಟಿಪ್ಪಣಿ ಮಾಡಿಕೊಂಡಿದ್ದೇನೋ. ಐವತ್ತು ರೂಪಾಯಿಗೆ ಇನ್ನೊಂದು ಬಿಲ್ಲೆ ಸಿಗುತ್ತದೆ, ಇಪ್ಪತ್ತೆರಡರಿಂದ ಇಪ್ಪತ್ನಾಲ್ಕರವರೆಗಿನ ವಯಸ್ಸು ಎಸ್.ಪಿ. ರಸ್ತೆಯಲ್ಲಿ ಸಿಗುವುದಿಲ್ಲ.

ಬಾಳಿಕೆ ಬರುವುದನ್ನು ಕೊಳ್ಳುವುದು ಒಳ್ಳೆಯದು ಎಂಬುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಎಂದು ವಿಶ್ವಸಂಸ್ಥೆಯ ಸಂಸ್ಥೆಗಳ ವರದಿಯೇ ಹೇಳುತ್ತದೆ. ದಾಬಸ್‌ಪೇಟೆಯ ಇ-ಪರಿಸರದಂಥ ಘಟಕಗಳು ಇದ್ದರೂ ನಮ್ಮ ಊರಿನ ಹಳೆಯ ಬೋರ್ಡುಗಳು ಹೆಚ್ಚಾಗಿ ಹೋಗುವುದು ಗುಜರಿಯವರ ಕೈಗೆ, ಅಲ್ಲಿಂದ ಆಮ್ಲಕ್ಕೋ ಬೆಂಕಿಗೋ. ಇದನ್ನೆಲ್ಲ ತಮ್ಮನಿಗೆ ಹೇಳಿದ್ದೆ. ಹೇಳಿದ್ದು ಸರಿ, ಹೇಳಿದ ಜಾಗ ಸರಿಯಿರಲಿಲ್ಲ. ಎರಡೂವರೆ ವರ್ಷ ಕಾದು ಒಂದು ಯಂತ್ರ ಕೊಳ್ಳುವವನಿಗೆ, ತಿಂಗಳು ತಿಂಗಳು ಎಸೆಯುವವರ ಲೆಕ್ಕ ಒಪ್ಪಿಸಿದ್ದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಹತ್ತು ವರ್ಷದ ಯಂತ್ರವನ್ನು ನಾನು ಯಾರಿಗಾಗಿ ಕಟ್ಟುತ್ತಿದ್ದೆ? ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ, ದೂರದ ವರ್ಷಗಳ ನಾನು ಈಗಿನ ನನಗೆ ಎಷ್ಟರ ಮಟ್ಟಿಗೆ "ನಾನೇ" ಎಂದು ಕೆದಕಿ ನೋಡುತ್ತಾನೆ. 34ರ ತಮ್ಮನಿಗೆ ಗೇಮ್ ಬೇಕಿರುತ್ತದೋ ಇಲ್ಲವೋ. ಆ ಅಪರಿಚಿತನ ಪರವಾಗಿ ನಾನು 24ರ ತಮ್ಮನ ಕೈಯಿಂದ ದುಡ್ಡನ್ನೂ ಸಂಜೆಗಳನ್ನೂ ವಸೂಲು ಮಾಡುತ್ತಿದ್ದೆ. ನಾಳೆಯ ಹೆಸರಿನಲ್ಲಿ ಇವತ್ತನ್ನು ಕೇಳುವವರು ಯಾವಾಗಲೂ ದೊಡ್ಡ ಮನಸ್ಸಿನವರಂತೆ ಕಾಣುತ್ತಾರೆ. ನನ್ನ ವಿಷಯದಲ್ಲಿ ಅದು ಭಯವೂ ಆಗಿತ್ತು. ಈ ಮನೆಯಲ್ಲಿ ಎರಡನೇ ಸಲ ಒಂದು ಲಕ್ಷ ಕೂಡುವುದಿಲ್ಲ ಎಂಬ ಭಯ, ಕೂಡದೇ ಇರುವುದಕ್ಕೆ ನಾನೂ ಕಾರಣ ಎಂಬುದು.

ಮುಂದಿನ ಭಾನುವಾರವೇ ಹೋಗಿ ತಂದೆವು. ಎಎಮ್5 ಬೋರ್ಡು, ಅದರ ಮೇಲೆ ಆರು ಕೋರಿನ ಸಾಧಾರಣ ರೈಜನ್. 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿ. ಎರಡು ಹಾಕಿದರೆ ವೇಗ ಹೆಚ್ಚು, ಅದು ಇಬ್ಬರಿಗೂ ಗೊತ್ತು. ಬೆಲೆ ಇಳಿದಾಗ ಹಾಕಿದರಾಯಿತೆಂದು ಪಕ್ಕದ ಸ್ಲಾಟು ಖಾಲಿ ಬಿಟ್ಟೆವು. ಪವರ್ ಸಪ್ಲೈ ನನ್ನ ಹಟ, ಗಾಜಿನ ಕ್ಯಾಬಿನೆಟ್ಟು ಅವನದು. ದೀಪದ ಫ್ಯಾನಿಗೆ ಮುನ್ನೂರು ರೂಪಾಯಿ ಕಡಿಮೆ ಬಿದ್ದಾಗ ನಾನೇ ಕೊಟ್ಟೆ. ಅವನು ಏನೂ ಅನ್ನಲಿಲ್ಲ, ಅಂಗಡಿಯವನು ಮಾತ್ರ "ಅಕ್ಕ ಒಳ್ಳೇವ್ರು" ಅಂದ.

ಜೋಡಿಸಿದ್ದು ಅಪ್ಪನ ಅಂಗಡಿಯಲ್ಲಿ, ಷಟರ್ ಅರ್ಧ ಇಳಿಸಿಕೊಂಡು. ಅಪ್ಪನ ಬೆಂಚಿನ ಮೇಲೆ ಅಷ್ಟು ಸ್ವಚ್ಛವಾದ ವಸ್ತು ಹಿಂದೆ ಯಾವತ್ತೂ ಕೂತಿರಲಿಲ್ಲ. ಗುಂಡಿ ಒತ್ತಿದೆವು. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಕಪ್ಪಗೇ ಇತ್ತು. ಒಂದು ನಿಮಿಷ. ಎರಡು ನಿಮಿಷ. ಅಪ್ಪನ ಕೈ ಟೆಸ್ಟರಿನ ಕಡೆಗೆ ಹೋಯಿತು. "ತಡೀಪ್ಪಾ, ಮುಟ್ಬೇಡ" ಅಂದ ತಮ್ಮ. "ಮೊದಲನೇ ಸಲ ಮೆಮೊರಿ ಟ್ರೈನಿಂಗ್ ಆಗುತ್ತೆ. ರ‍್ಯಾಮು ಬೋರ್ಡು ಒಂದಕ್ಕೊಂದು ಹೊಂದ್ಕೋಬೇಕು. ಆಫ್ ಮಾಡಬಾರ್ದು." ನನ್ನ ಇಷ್ಟುದ್ದದ ಪಟ್ಟಿಯಲ್ಲಿ ಇದು ಎಲ್ಲೂ ಇರಲಿಲ್ಲ, ಅವನು ಯಾವಾಗ ಓದಿಕೊಂಡಿದ್ದನೋ. ಮೂವರೂ ಕಪ್ಪು ಪರದೆ ನೋಡುತ್ತ ಕೂತೆವು. ಹೊರಗೆ ಕೊನೆಯ ಬಸ್ಸುಗಳನ್ನು ಕೂಗುತ್ತಿದ್ದರು.

ಪರದೆಯಲ್ಲಿ ಅಕ್ಷರ ಮೂಡಿದಾಗ ತಮ್ಮ ಮೊದಲು ಮಾಡಿದ್ದು ದುಬೈಗೆ ಹೋಗುವವನಿಗೆ ಫೋನು. ಅಪ್ಪ ಡಬ್ಬಿಗಳಲ್ಲಿ ಉಳಿದ ಸ್ಕ್ರೂಗಳನ್ನೆಲ್ಲ ಅಂಗೈಗೆ ಹಾಕಿಕೊಂಡು, ದೀಪದ ಬೆಳಕಿಗೆ ಹಿಡಿದು ಅಳತೆ ನೋಡಿ, ಕಪ್ಲರುಗಳ ಪಕ್ಕದ ಹಾರ್ಲಿಕ್ಸ್ ಬಾಟಲಿಗೆ ಸುರಿದು ಮುಚ್ಚಳ ಹಾಕಿದರು.